ಮೊದಲ ಸರದಿ ನಮಗೇ ಬಂತು

2024ರ ಆಗಸ್ಟ್ ನಡುವಿನಲ್ಲಿ ಆಫೀಸಿನ ಊಟದ ಕೋಣೆಯಲ್ಲಿ ಫ್ಯಾಂಟಸಿ ಫುಟ್‌ಬಾಲ್ ಲೀಗಿಗೆ, ಯಾರು ಮೊದಲು ಆಟಗಾರನನ್ನು ಆರಿಸಬೇಕು ಅಂತ ಚೀಟಿ ಎತ್ತಿದರು. ಹನ್ನೆರಡು ಟೀಮು, ಹನ್ನೆರಡು ಚೀಟಿ. ನಮ್ಮದು ಬಿಡಿಸಿ ನೋಡಿದರೆ 1. ಸುತ್ತ ಇದ್ದವರೆಲ್ಲ ಬೆನ್ನು ತಟ್ಟಿದರು. ನನ್ನ ಗೆಳೆಯ ಮಾತ್ರ ಏನೂ ಹೇಳಲಿಲ್ಲ. ಸಂಜೆ ಕಾರಿನ ಹತ್ತಿರ ಹೋಗುವಾಗ ಬಾಯಿ ಬಿಟ್ಟ. "ಐದೋ ಆರೋ ಬಂದಿದ್ರೆ ಚೆನ್ನಾಗಿತ್ತು ಮಾರಾಯ. ಉಳಿದವರಲ್ಲಿ ಒಳ್ಳೆಯವನನ್ನ ತಗೊಂಡು ಸುಮ್ಮನಾಗಬಹುದಿತ್ತು. ಈಗ ನಾವೇ ತೀರ್ಮಾನ ಮಾಡ್ಬೇಕು."

ಆ ಒಂದು ತೀರ್ಮಾನಕ್ಕೆ ಎರಡು ವಾರ ಹಿಡಿಯಿತು.

ನಾವಿಬ್ಬರೂ ಇರುವುದು ಟೆಕ್ಸಸ್‌ನಲ್ಲಿ, ಡಾಲಸ್ ಪಕ್ಕದ ಇರ್ವಿಂಗ್‌ನಲ್ಲಿ. ಅವನು ತೀರ್ಥಹಳ್ಳಿ ಕಡೆಯವನು. ನಾನು ತಿಪಟೂರಿನವನು. ಇಲ್ಲಿ ಫುಟ್‌ಬಾಲ್ ಅಂದರೆ ಕೈಯಲ್ಲಿ ಚೆಂಡು ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್. ಸೆಪ್ಟೆಂಬರ್‌ನಿಂದ ಜನವರಿ ತನಕ ಆ ಆಟದ ದೊಡ್ಡ ಲೀಗ್ ಎನ್‌ಎಫ್‌ಎಲ್‌ನ 32 ತಂಡಗಳು ತಲಾ 17 ಪಂದ್ಯ ಆಡುತ್ತವೆ. ಸೋಮವಾರ ಆಫೀಸಿಗೆ ಹೋದರೆ ಬೇರೆ ಮಾತೇ ಇರುವುದಿಲ್ಲ. ಮೊದಲ ಎರಡು ವರ್ಷ ನಾನು ಆ ಮಾತಿನ ಅಂಚಿನಲ್ಲಿ ಕೂತು ಕೇಳುತ್ತಿದ್ದೆ. ಮೂರನೇ ವರ್ಷ ಫ್ಯಾಂಟಸಿ ಲೀಗಿನಲ್ಲಿ ಒಂದು ಜಾಗ ಖಾಲಿಯಾಯಿತು. ಇಬ್ಬರೂ ಸೇರಿ ಒಂದು ಟೀಮು ತೆಗೆದುಕೊಂಡೆವು. ಫ್ಯಾಂಟಸಿ ಅಂದರೆ ನಿಜವಾದ ಆಟಗಾರರನ್ನು ಆರಿಸಿ ನಮ್ಮದೇ ಟೀಮು ಕಟ್ಟುವುದು. ಅವರು ಮೈದಾನದಲ್ಲಿ ಆಡಿದ ಹಾಗೆ ನಮಗೆ ಪಾಯಿಂಟು, ವಾರಕ್ಕೊಬ್ಬ ಎದುರಾಳಿ.

ಊರಲ್ಲಿ ಫ್ಯಾಂಟಸಿ ಕ್ರಿಕೆಟ್ ಆಡಿದವರಿಗೆ ಇಲ್ಲಿ ಒಂದು ವ್ಯತ್ಯಾಸ ಹೇಳಲೇಬೇಕು. ಅಲ್ಲಿ ಕೊಹ್ಲಿ ಬೇಕು ಅಂದರೆ ಯಾರು ಬೇಕಾದರೂ ತಮ್ಮ ಟೀಮಿಗೆ ಹಾಕಿಕೊಳ್ಳಬಹುದು. ಲಕ್ಷ ಜನರ ಟೀಮಿನಲ್ಲಿ ಒಬ್ಬನೇ ಕೊಹ್ಲಿ ಇರುತ್ತಾನೆ. ಇಲ್ಲಿ ಹಾಗಲ್ಲ. ಒಬ್ಬ ಆಟಗಾರ ಒಂದು ಟೀಮಿಗೆ ಹೋದರೆ ಮುಗಿಯಿತು, ಆ ಲೀಗಿನ ಉಳಿದ ಹನ್ನೊಂದು ಜನಕ್ಕೆ ಅವನು ಇಲ್ಲ. ಅದಕ್ಕೇ ಸರದಿ. ಸರದಿ ಹೋಗುವುದು ಹಾವಿನ ಹಾಗೆ, ಸ್ನೇಕ್ ಡ್ರಾಫ್ಟ್ ಅನ್ನುತ್ತಾರೆ. ಮೊದಲ ಸುತ್ತು 1ರಿಂದ 12, ಎರಡನೇ ಸುತ್ತು 12ರಿಂದ ವಾಪಸ್ 1ಕ್ಕೆ. ಅಂದರೆ 1ನೇ ನಂಬರಿನವರಿಗೆ ಮೊದಲ ಆಟಗಾರ ಸಿಗುತ್ತಾನೆ, ಆಮೇಲೆ 24 ಮತ್ತು 25 ಒಟ್ಟಿಗೆ, ಮತ್ತೆ 48 ಮತ್ತು 49. ಮಧ್ಯದಲ್ಲಿ ಪ್ರತಿ ಸಲ 22 ಜನ ಕಣ್ಣೆದುರೇ ಹೋಗುತ್ತಾರೆ. ಹದಿನಾರು ಸುತ್ತು, ಒಟ್ಟು 192 ಆಟಗಾರರು.

1962ರಲ್ಲಿ ಓಕ್ಲೆಂಡ್ ರೈಡರ್ಸ್ ತಂಡದ ಪಾಲುದಾರ ಬಿಲ್ ವಿಂಕನ್‌ಬಾಕ್ ಮತ್ತು ಅವರ ಜೊತೆಗಾರರು ನ್ಯೂಯಾರ್ಕಿನ ಒಂದು ಹೋಟೆಲಿನಲ್ಲಿ ಕೂತು ಈ ಆಟದ ನಿಯಮ ಬರೆದರಂತೆ. ಆಗ ಎಂಟೇ ಟೀಮು, ಲೆಕ್ಕವೆಲ್ಲ ಕಾಗದದ ಮೇಲೆ. ಈಗ ಎಲ್ಲವೂ ಫೋನಿನಲ್ಲಿ. ಆದರೆ ಮೊದಲು ಯಾರನ್ನು ಎತ್ತಬೇಕು ಅನ್ನುವ ಜಗಳ ಆಗಲೂ ಇದ್ದಿರಬೇಕು ಅಲ್ವಾ?

ನಮ್ಮ ಜಗಳ ಇಬ್ಬರ ಮೇಲೆ. ನನಗೆ ಸ್ಯಾನ್ ಫ್ರಾನ್ಸಿಸ್ಕೋ ಫಾರ್ಟಿನೈನರ್ಸ್‌ನ ಕ್ರಿಶ್ಚಿಯನ್ ಮೆಕ್‌ಕ್ಯಾಫ್ರಿ ಬೇಕು. ಅವನು ರನ್ನಿಂಗ್ ಬ್ಯಾಕ್, ಅಂದರೆ ಚೆಂಡು ಹಿಡಿದು ಗುಂಪಿನೊಳಗೆ ನುಗ್ಗುವವನು. ಗೆಳೆಯನಿಗೆ ನಮ್ಮೂರಿನದೇ ಡಾಲಸ್ ಕೌಬಾಯ್ಸ್‌ನ ಸೀಡೀ ಲ್ಯಾಂಬ್ ಬೇಕು. ಅವನು ರಿಸೀವರ್, ದೂರದಿಂದ ಎಸೆದ ಚೆಂಡು ಹಿಡಿಯುವವನು.

ನಮ್ಮ ಲೀಗಿನಲ್ಲಿ ಹತ್ತು ಗಜ ಮುಂದೆ ಹೋದರೆ ಒಂದು ಪಾಯಿಂಟು. ಟಚ್‌ಡೌನ್‌ಗೆ, ಅಂದರೆ ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿದರೆ, ಆರು. ಎಸೆದ ಚೆಂಡನ್ನು ಹಿಡಿದರೆ ಪ್ರತಿ ಹಿಡಿತಕ್ಕೂ ಇನ್ನೊಂದು, ಇದಕ್ಕೇ ಪಿಪಿಆರ್ ಅನ್ನುವುದು. ಈ ಲೆಕ್ಕದಲ್ಲಿ 2023ರಲ್ಲಿ ಲ್ಯಾಂಬ್ ಗಳಿಸಿದ್ದು 400ಕ್ಕೂ ಜಾಸ್ತಿ. 135 ಹಿಡಿತ, 1,749 ಗಜ. ಮೆಕ್‌ಕ್ಯಾಫ್ರಿದು 390ರ ಹತ್ತಿರ. ಅವನು ಓಡಿ ಹಿಡಿದು ಒಟ್ಟು 2,023 ಗಜ ಹೋಗಿದ್ದ, 21 ಟಚ್‌ಡೌನ್ ಹೊಡೆದಿದ್ದ.

"ಪಾಯಿಂಟು ಇವನದ್ದೇ ಜಾಸ್ತಿ," ಅಂದ ಗೆಳೆಯ. "ವಯಸ್ಸೂ ಕಮ್ಮಿ. ನಿನ್ನವನು 2020ರಲ್ಲಿ ಆಡಿದ್ದು ಮೂರು ಪಂದ್ಯ. 2021ರಲ್ಲಿ ಏಳು. ಈಗ ಮೀನಖಂಡ ನೋವು ಅಂತ ಅಭ್ಯಾಸಕ್ಕೇ ಬರ್ತಿಲ್ಲ. ಅವನನ್ನ ಯಾಕೆ ಎತ್ತಬೇಕು ಹೇಳು?"

ಈ ಪ್ರಶ್ನೆಗೆ ಮೊದಲ ದಿನ ನನ್ನ ಹತ್ತಿರ ಉತ್ತರ ಇರಲಿಲ್ಲ. ಎಲ್ಲ ಪಟ್ಟಿಯಲ್ಲೂ ಅವನೇ ಮೊದಲು ಇದ್ದ, ಅದಕ್ಕೆ ಬೇಕು ಅಂದಿದ್ದೆ. ಮನೆಗೆ ಹೋಗಿ ಹಿಂದಿನ ವರ್ಷದ ಅಂಕಿ ತೆಗೆದು ಕೂತೆ. ಲ್ಯಾಂಬ್ ಬಿಟ್ಟರೆ ಎರಡನೇ ರಿಸೀವರ್ ಟೈರೀಕ್ ಹಿಲ್, ಸುಮಾರು 375. ಮೊದಲನೆಯವನಿಗೂ ಎರಡನೆಯವನಿಗೂ ಮೂವತ್ತರೊಳಗಿನ ಅಂತರ. ಮೆಕ್‌ಕ್ಯಾಫ್ರಿ ಬಿಟ್ಟರೆ ಎರಡನೇ ರನ್ನಿಂಗ್ ಬ್ಯಾಕ್ ಬ್ರೀಸ್ ಹಾಲ್, ಸುಮಾರು 290. ಅಲ್ಲಿ ಅಂತರ ನೂರು! ಪಟ್ಟಿಗಳಲ್ಲಿ ಅವನು ಯಾಕೆ ಮೊದಲು ಅಂತ ಆಗ ತಿಳಿಯಿತು. ಒಬ್ಬ ಎಷ್ಟು ಗಳಿಸುತ್ತಾನೆ ಅನ್ನುವುದಕ್ಕಿಂತ, ಅದೇ ಜಾಗಕ್ಕೆ ಬೇರೆಯವನನ್ನು ಹಾಕಿದರೆ ಎಷ್ಟು ಕಳೆದುಕೊಳ್ಳುತ್ತೇವೆ ಅನ್ನುವುದನ್ನು ನೋಡಬೇಕು. ಫುಟ್‌ಬಾಲ್‌ಗೈಸ್ ಅನ್ನುವ ವೆಬ್‌ಸೈಟಿನ ಜೋ ಬ್ರಯಂಟ್ ಈ ಲೆಕ್ಕವನ್ನು ವ್ಯಾಲ್ಯೂ ಬೇಸ್ಡ್ ಡ್ರಾಫ್ಟಿಂಗ್ ಅಂತ ಬಹಳ ಹಿಂದೆಯೇ ಬರೆದಿಟ್ಟಿದ್ದಾರೆ. ನಾನು ಅದನ್ನು ಕಂಡುಕೊಂಡದ್ದು ಒಂದು ನೋಟ್ ಪುಸ್ತಕದ ಕೊನೆ ಹಾಳೆಯಲ್ಲಿ, ರಾತ್ರಿ ಹನ್ನೆರಡಕ್ಕೆ.

ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆಯುವವನ ವಿಚಾರವೂ ಆಗಲೇ ಬಗೆಹರಿಯಿತು. ಬಫಲೋದ ಜಾಶ್ ಅಲೆನ್ ಕೂಡ 2023ರಲ್ಲಿ ಮೆಕ್‌ಕ್ಯಾಫ್ರಿಯಷ್ಟೇ ಗಳಿಸಿದ್ದ. ಆದರೂ ಅವನನ್ನು ಎರಡು ಮೂರನೇ ಸುತ್ತಿನ ತನಕ ಯಾರೂ ಮುಟ್ಟುವುದಿಲ್ಲ. ವಾರಕ್ಕೆ ಒಬ್ಬನೇ ಕ್ವಾರ್ಟರ್‌ಬ್ಯಾಕ್ ಬೇಕು, ಹನ್ನೆರಡು ಟೀಮಿಗೂ ಒಳ್ಳೆಯವರು ಸಿಗುತ್ತಾರೆ. ರನ್ನಿಂಗ್ ಬ್ಯಾಕ್ ಇಬ್ಬರು ಬೇಕು, ಒಳ್ಳೆಯವರು ಬೇಗ ಖಾಲಿ.

ಮರುದಿನ ಈ ಲೆಕ್ಕ ತೋರಿಸಿದೆ. ಗೆಳೆಯ ಕಾಫಿ ಆರುವ ತನಕ ನೋಡಿದ. "ಲೆಕ್ಕ ಸರಿ ಇದೆ," ಅಂದ. "ಆದ್ರೆ ಇದು ಹೋದ ವರ್ಷದ್ದು."

ಅದೂ ನಿಜವೇ. ನನ್ನ ಬಾಯಿ ಕಟ್ಟಿತು.

ನನ್ನ ಹತ್ತಿರ ಇದ್ದ ಇನ್ನೊಂದು ಮಾತು, ಲ್ಯಾಂಬ್‌ನ ಸಂಬಳದ ಒಪ್ಪಂದ ಆಗಿರಲಿಲ್ಲ. ಅವನು ತಂಡದ ಶಿಬಿರಕ್ಕೇ ಹೋಗಿರಲಿಲ್ಲ. ಆಗಸ್ಟ್ 26ಕ್ಕೆ ಅದೂ ಕೈಬಿಟ್ಟಿತು. ನಾಲ್ಕು ವರ್ಷಕ್ಕೆ 13.6 ಕೋಟಿ ಡಾಲರ್‌ಗೆ ಅವನು ಸಹಿ ಹಾಕಿದ. ಆಫೀಸಿನಲ್ಲಿ ಹಬ್ಬ. ಗೆಳೆಯ ನನ್ನ ಮೇಜಿನ ಹತ್ತಿರ ಬಂದು ಎರಡೂ ಕೈ ಅಗಲಿಸಿ ನಿಂತ, ಒಂದು ಮಾತೂ ಆಡಲಿಲ್ಲ.

ಆ ವಾರ ರಾತ್ರಿ ಊಟ ಆದಮೇಲೆ ದಿನಾ ಅವರ ಮನೆಯಲ್ಲಿ ಸೇರುತ್ತಿದ್ದೆವು. ಮೂರು ಕಡೆಯಿಂದ ಇನ್ನೂರು ಇನ್ನೂರು ಹೆಸರಿನ ಪಟ್ಟಿ ತೆಗೆದು ಪ್ರಿಂಟ್ ಹಾಕಿದ್ದೆವು. ಮೂರರಲ್ಲೂ ಮೊದಲ ಹತ್ತು ಹೆಸರು ಹೆಚ್ಚುಕಮ್ಮಿ ಒಂದೇ. ಇಪ್ಪತ್ತು ದಾಟಿದ ಮೇಲೆ ಒಂದಕ್ಕೊಂದು ಸಂಬಂಧ ಇಲ್ಲ. ಒಬ್ಬನೇ ಆಟಗಾರ ಒಂದು ಕಡೆ 19, ಇನ್ನೊಂದು ಕಡೆ 33. ರಿಸೀವರ್‌ಗಳಲ್ಲಿ ಟ್ಯಾಂಪಾ ಬೇಯ ಮೈಕ್ ಎವನ್ಸ್ ಮೇಲಾ, ಹ್ಯೂಸ್ಟನ್‌ನ ನಿಕೊ ಕಾಲಿನ್ಸ್ ಮೇಲಾ ಅಂತ ಒಂದು ಗಂಟೆ ವಾದ ಮಾಡಿದೆವು. ಆಗ ಅವನು ತಟ್ಟನೆ ಪೆನ್ಸಿಲ್ ಕೆಳಗಿಟ್ಟ.

"ನಾವು ಅಡಿಕೆಗೆ ನಂಬರ್ ಹಾಕ್ತಿದೀವಿ ಮಾರಾಯ," ಅಂದ.

ಅವರ ಮನೆಯಲ್ಲಿ ಅಡಿಕೆ ತೋಟ ಇದೆ. ಚಿಕ್ಕವನಿದ್ದಾಗ ಅಜ್ಜನ ಜೊತೆ ಒಣಗಿದ ಅಡಿಕೆ ಆರಿಸಲು ಕೂರುತ್ತಿದ್ದನಂತೆ. ಸರಕು ಒಂದು ಕಡೆ, ಬೆಟ್ಟೆ ಒಂದು ಕಡೆ, ರಾಶಿ ಒಂದು ಕಡೆ, ಗೊರಬಲು ಒಂದು ಕಡೆ. ಶಿವಮೊಗ್ಗದ ಮಂಡಿಯಲ್ಲಿ ರೇಟು ನಿಲ್ಲುವುದು ಹಾಗೆಯೇ. ಒಂದೇ ಗುಡ್ಡೆಯ ಎರಡು ಅಡಿಕೆ ಹಿಡಿದು ಇದು ಮೇಲೋ ಅದು ಮೇಲೋ ಅಂತ ಯಾರೂ ಕೇಳುವುದಿಲ್ಲ. ಈ ಗುಡ್ಡೆ ಎಲ್ಲಿ ಮುಗಿಯಿತು, ಆ ಗುಡ್ಡೆ ಎಲ್ಲಿ ಶುರುವಾಯಿತು, ಅಷ್ಟೇ ಕೇಳುವುದು.

ಆಟ ಬಲ್ಲವರು ಇದಕ್ಕೆ ಟಿಯರ್ ಅನ್ನುತ್ತಾರೆ ಅಂತ ನಮಗೆ ಗೊತ್ತಿತ್ತು. ಆ ಪದ ಹತ್ತು ಸಲ ಓದಿದ್ದೆವು. ಮನಸ್ಸಿಗೆ ಹತ್ತಿದ್ದು ಮಾತ್ರ ಆ ರಾತ್ರಿ. ಅವನು ಹೊಸ ಹಾಳೆ ತೆಗೆದು ನಂಬರ್ ಇಲ್ಲದೆ ಹೆಸರು ಬರೆದು ಗೆರೆ ಎಳೆಯುತ್ತ ಹೋದ. ರನ್ನಿಂಗ್ ಬ್ಯಾಕ್‌ನಲ್ಲಿ ಮೆಕ್‌ಕ್ಯಾಫ್ರಿ ಒಬ್ಬನೇ, ಕೆಳಗೆ ಗೆರೆ. ಬ್ರೀಸ್ ಹಾಲ್, ಬಿಜಾನ್ ರಾಬಿನ್ಸನ್, ಗೆರೆ. ಆಮೇಲೆ ಬಾರ್ಕ್ಲಿ, ಟೇಲರ್, ಗಿಬ್ಸ್, ಡೆರಿಕ್ ಹೆನ್ರಿ, ಪಚೆಕೊ ಅಂತ ಎಂಟೊಂಬತ್ತು ಜನ, ಗೆರೆ. ಅಲ್ಲಿಂದ ಕೆಳಗೆ ದೊಡ್ಡ ಇಳಿತ. ರಿಸೀವರ್‌ನಲ್ಲಿ ಮೊದಲ ಗುಡ್ಡೆಯಲ್ಲೇ ಆರು ಜನ, ಕೆಳಗಿನ ಗುಡ್ಡೆಗಳೂ ದೊಡ್ಡವು, ಇಳಿತ ನಿಧಾನ.

ಆ ಹಾಳೆ ಬಂದ ಮೇಲೆ ವಾದದ ರೀತಿಯೇ ಬದಲಾಯಿತು. ಮೆಕ್‌ಕ್ಯಾಫ್ರಿಯಾ ಲ್ಯಾಂಬಾ ಅಂತ ಕೇಳುವುದು ಬಿಟ್ಟೆವು. ಮೊದಲು ಲ್ಯಾಂಬ್ ತೆಗೆದುಕೊಂಡರೆ 24-25ರಲ್ಲಿ ಯಾವ ಗುಡ್ಡೆಯಲ್ಲಿ ಎಷ್ಟು ಉಳಿದಿರುತ್ತದೆ? ಮೆಕ್‌ಕ್ಯಾಫ್ರಿ ತೆಗೆದುಕೊಂಡರೆ? ಒಬ್ಬನ ಎದುರು ಒಬ್ಬನನ್ನು ತೂಗುವ ಬದಲು ಮೂವರ ಎದುರು ಮೂವರನ್ನು ತೂಗಲು ಶುರು ಮಾಡಿದೆವು. ಇದಕ್ಕೆ ಅಣಕು ಡ್ರಾಫ್ಟ್ ಇದೆ. ಫೋನಿನಲ್ಲಿ ಗುರುತಿಲ್ಲದವರ ಜೊತೆ ಸುಮ್ನೆ ಆಡಿ ನೋಡಬಹುದು. ನಾವು ಹದಿನಾಲ್ಕು ಸಲ ಆಡಿದೆವು. 24ನೇ ಸರದಿ ಬರುವಷ್ಟರಲ್ಲಿ ಮೂರನೇ ಗುಡ್ಡೆಯ ರನ್ನಿಂಗ್ ಬ್ಯಾಕ್‌ಗಳಲ್ಲಿ ಒಬ್ಬರೋ ಇಬ್ಬರೋ ಉಳಿದಿರುತ್ತಿದ್ದರು. ಹೆಚ್ಚು ಸಲ ಉಳಿಯುತ್ತಿದ್ದವನು ಡೆರಿಕ್ ಹೆನ್ರಿ. ಒಳ್ಳೆ ರಿಸೀವರ್‌ಗಳು ಮಾತ್ರ ಪ್ರತಿ ಸಲ ನಾಲ್ಕೈದು ಜನ ಇರುತ್ತಿದ್ದರು.

ಮೊದಲ ಸುತ್ತುಗಳಲ್ಲಿ ರನ್ನಿಂಗ್ ಬ್ಯಾಕ್‌ಗಳನ್ನೇ ಮುಟ್ಟಬೇಡಿ ಅನ್ನುವವರೂ ಇದ್ದಾರೆ. ಝೀರೋ ಆರ್‌ಬಿ ಅಂತ ಹೆಸರು, ಆರ್‌ಬಿ ಅಂದರೆ ರನ್ನಿಂಗ್ ಬ್ಯಾಕ್. ಗುದ್ದಾಟ ಜಾಸ್ತಿ ಇರುವ ಜಾಗ, ಗಾಯ ಆಗುವುದೇ ಹೆಚ್ಚು, ಬದಲಿ ಆಟಗಾರರು ಆಮೇಲೆ ಸಿಗುತ್ತಾರೆ ಅನ್ನುವುದು ಅವರ ಲೆಕ್ಕ. ಗೆಳೆಯನಿಗೆ ಅದರ ಕಡೆ ಮನಸ್ಸಿತ್ತು. ಕೊನೆಗೆ ಅವನು ಒಂದು ಷರತ್ತು ಹಾಕಿ ಮೆಕ್‌ಕ್ಯಾಫ್ರಿಗೆ ಒಪ್ಪಿದ. "ಅವನ ಬದಲಿ ಆಡುವವನನ್ನೂ ನಾವೇ ಇಟ್ಕೋಬೇಕು. ಸುತ್ತು ಯಾವುದಾದ್ರೂ ಆಗ್ಲಿ."

ಆಗಸ್ಟ್ 31, ಶನಿವಾರ ಸಂಜೆ ಡ್ರಾಫ್ಟ್. ಗೆಳೆಯನ ಅಮ್ಮ ಊರಿಂದ ಬಂದಿದ್ದರು. ಕೊಟ್ಟೆ ಕಡುಬು, ಕಾಯಿಚಟ್ನಿ ಮಾಡಿದ್ದರು. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪು, ಗುಡ್ಡೆ ಗೆರೆ ಎಳೆದ ಹಾಳೆ, ಕೆಂಪು ಪೆನ್ನು. ಒಂದೊಂದು ಸರದಿಗೆ ತೊಂಬತ್ತು ಸೆಕೆಂಡು. ಮೆಕ್‌ಕ್ಯಾಫ್ರಿ ಹೆಸರು ಒತ್ತಿದಾಗ ನನ್ನ ಬೆರಳು ನಿಜಕ್ಕೂ ನಡುಗಿತು. ಎರಡನೆಯವರು ಕೂಡಲೇ ಲ್ಯಾಂಬ್‌ನನ್ನು ಎತ್ತಿದರು. ಗೆಳೆಯ ಹಾಳೆಯಲ್ಲಿ ಆ ಹೆಸರಿನ ಮೇಲೆ ನಿಧಾನವಾಗಿ ಗೆರೆ ಹೊಡೆದ.

22 ಹೆಸರು ಹೋಗುವುದನ್ನು ನೋಡುತ್ತ ಕೂರುವುದು ದೊಡ್ಡ ಪರೀಕ್ಷೆ. 24 ಬಂತು. ನಮ್ಮ ಹಾಳೆಯಲ್ಲಿ ಮೂರನೇ ಗುಡ್ಡೆಯಲ್ಲಿ ಒಬ್ಬನೇ ಉಳಿದಿದ್ದ. ಹೆನ್ರಿ.

"ಮೂವತ್ತಾಯ್ತು ಅವನಿಗೆ," ಅಂದ ಗೆಳೆಯ. ಮೂವತ್ತು ದಾಟಿದ ರನ್ನಿಂಗ್ ಬ್ಯಾಕ್ ಮುಗಿದ ಹಾಗೆ ಅನ್ನುವುದು ಇಲ್ಲಿ ಗಟ್ಟಿ ನಂಬಿಕೆ. ಸಾಲದ್ದಕ್ಕೆ ಎಂಟು ವರ್ಷ ಆಡಿದ ಟೆನೆಸಿ ಬಿಟ್ಟು ಆ ವರ್ಷವೇ ಬಾಲ್ಟಿಮೋರ್ ರೇವನ್ಸ್ ಸೇರಿದ್ದ.

"ಗುಡ್ಡೆ ನೋಡು," ಅಂದೆ. "ನಿನ್ನದೇ ಗುಡ್ಡೆ. ಇವನು ಹೋದ್ರೆ ಗೆರೆ. 48ಕ್ಕೆ ಈ ಥರದವನು ಯಾರೂ ಇರಲ್ಲ. ಎವನ್ಸ್‌ನ 25ಕ್ಕೆ ತಗೊಳ್ಳೋಣ."

ಇಪ್ಪತ್ತು ಸೆಕೆಂಡು ಉಳಿದಿತ್ತು. "ಒತ್ತು," ಅಂದ. ಹೆನ್ರಿ, ಎವನ್ಸ್.

ಆಮೇಲಿನ ಸುತ್ತುಗಳಲ್ಲಿ ಹೇಳಿಕೊಳ್ಳುವಂಥ ಜಗಳ ಇರಲಿಲ್ಲ. ಎಂಟನೇ ಸುತ್ತಿನಲ್ಲಿ ವಾಷಿಂಗ್ಟನ್‌ನ ಹೊಸ ಹುಡುಗ ಜೇಡನ್ ಡ್ಯಾನಿಯಲ್ಸ್‌ನನ್ನು ಕ್ವಾರ್ಟರ್‌ಬ್ಯಾಕ್ ಆಗಿ ತೆಗೆದುಕೊಂಡೆವು. ಅವನು ಆ ವರ್ಷದ ಶ್ರೇಷ್ಠ ಹೊಸ ಆಟಗಾರನಾದ. ಹದಿಮೂರನೇ ಸುತ್ತಿನಲ್ಲಿ, 145ನೇ ಸರದಿಗೆ ನಾನು ಒಬ್ಬ ಹೊಸ ರಿಸೀವರ್ ಬೇಕು ಅಂದೆ. ಗೆಳೆಯ ಷರತ್ತು ನೆನಪಿಸಿದ. ಮೆಕ್‌ಕ್ಯಾಫ್ರಿಯ ಬದಲಿ ಎಲೈಜಾ ಮಿಚೆಲ್‌ಗೆ ಆಗಲೇ ಗಾಯವಾಗಿತ್ತು. ಅವನ ನಂತರದವನು ಜೋರ್ಡನ್ ಮೇಸನ್. ನಿಜವಾದ ತಂಡಗಳು ಹೊಸಬರನ್ನು ಆರಿಸುವ 2022ರ ಎನ್‌ಎಫ್‌ಎಲ್ ಡ್ರಾಫ್ಟಿನಲ್ಲಿ ಯಾವ ತಂಡವೂ ಆರಿಸದೆ ಬಿಟ್ಟ ಹುಡುಗ. ನನಗೆ ಆ ಸರದಿ ದಂಡ ಅನ್ನಿಸಿತು. ಮಾತು ಕೊಟ್ಟಿದ್ದೆ, ಒತ್ತಿದೆ.

ಸೆಪ್ಟೆಂಬರ್ 5, ಗುರುವಾರ ಹೆನ್ರಿಯ ಮೊದಲ ಪಂದ್ಯ. 46 ಗಜ, ಒಂದು ಟಚ್‌ಡೌನ್. ಗೆಳೆಯ ಏನೂ ಅನ್ನಲಿಲ್ಲ, ಫೋನಿನಲ್ಲಿ ಬರೀ "46" ಅಂತ ಕಳಿಸಿದ. ಸೆಪ್ಟೆಂಬರ್ 9, ಸೋಮವಾರ ರಾತ್ರಿ ಫಾರ್ಟಿನೈನರ್ಸ್ ಮತ್ತು ನ್ಯೂಯಾರ್ಕ್ ಜೆಟ್ಸ್ ಪಂದ್ಯ. ಅಷ್ಟರಲ್ಲಿ ವಾರದ ಉಳಿದ ಪಂದ್ಯ ಎಲ್ಲ ಮುಗಿದಿದ್ದವು. ಎದುರಾಳಿಗಿಂತ ನಾವು ಹದಿನೈದು ಪಾಯಿಂಟು ಹಿಂದೆ ಇದ್ದೆವು. ಉಳಿದಿದ್ದವನು ಮೆಕ್‌ಕ್ಯಾಫ್ರಿ ಒಬ್ಬನೇ. ಅಂದು ಯಾರು ಆಡುವುದಿಲ್ಲ ಅನ್ನುವ ಪಟ್ಟಿ ಪಂದ್ಯಕ್ಕೆ ಒಂದೂವರೆ ಗಂಟೆ ಮೊದಲು ಬರುತ್ತದೆ. ನಮ್ಮ ಸಮಯ ಆರು ಗಂಟೆಗೆ ಸ್ವಲ್ಪ ಮೊದಲು ನಾನು ಹೆದ್ದಾರಿಯಲ್ಲಿದ್ದೆ. ಫೋನು ಮೂರು ಸಲ ಹೊಡೆದುಕೊಂಡಿತು. ಪಕ್ಕದ ಪೆಟ್ರೋಲ್ ಬಂಕಿಗೆ ಕಾರು ತಿರುಗಿಸಿ ನೋಡಿದೆ. ಮೆಕ್‌ಕ್ಯಾಫ್ರಿ ಹೆಸರಿನ ಪಕ್ಕ ಕೆಂಪು ಅಕ್ಷರ. ಆಡುವುದಿಲ್ಲ.

ಗೆಳೆಯ ಫೋನ್ ಮಾಡಿದ. ನಾನು ಹೇಳಿದ್ದೆ ನೋಡು ಅನ್ನಬಹುದಿತ್ತು. ಅನ್ನಲಿಲ್ಲ. "ಮೇಸನ್‌ನ ಒಳಗೆ ಹಾಕಿದ್ಯಾ?" ಅಂತ ಕೇಳಿದ. ಹಾಕಿದೆ.

ಅವರ ಮನೆಯ ಟಿವಿ ಮುಂದೆ ನೆಲದ ಮೇಲೆ ಕೂತು ನೋಡಿದೆವು. ಮೇಸನ್ ದೊಡ್ಡ ಓಟಗಾರ ಅಂತ ಮೊದಲ ನೋಟಕ್ಕೆ ಅನ್ನಿಸುವುದಿಲ್ಲ. ಚೆಂಡು ಎದೆಗೊತ್ತಿಕೊಂಡು ತಲೆ ತಗ್ಗಿಸಿ ನುಗ್ಗುತ್ತಾನೆ, ಐದು ಗಜ. ಮತ್ತೆ ನುಗ್ಗುತ್ತಾನೆ, ಆರು ಗಜ. ಬೀಳುವ ಮುಂಚೆ ಇನ್ನೊಂದು ಹೆಜ್ಜೆ ಕದಿಯುತ್ತಾನೆ. 28 ಸಲ ಓಡಿ 147 ಗಜ, ಒಂದು ಟಚ್‌ಡೌನ್. ನಮ್ಮ ಲೆಕ್ಕದಲ್ಲಿ 22 ಪಾಯಿಂಟು ಚಿಲ್ಲರೆ. ಗೆದ್ದೆವು. ಅಮ್ಮ ಅಡುಗೆಮನೆಯಿಂದ ಬಂದು "ಯಾರೋ ಗೆದ್ದಿದ್ದು?" ಅಂತ ಕೇಳಿದರು. ಗೆಳೆಯ "ನಮ್ಮ ಹುಡುಗ ಕಣಮ್ಮ" ಅಂದ. ಲೆಕ್ಕ ಹಾಕಿ ಎತ್ತಿದ ಮೊದಲನೆಯವನಿಗಿಂತ, ಬೇಡ ಬೇಡ ಅಂತಲೇ ಎತ್ತಿದ 145ನೆಯವನು ಆ ರಾತ್ರಿ ನಮಗೆ ಹತ್ತಿರದವನಾದ.

ಸೆಪ್ಟೆಂಬರ್ 22ಕ್ಕೆ ರೇವನ್ಸ್ ತಂಡ ನಮ್ಮೂರಿಗೇ ಬಂತು. ಆರ್ಲಿಂಗ್ಟನ್‌ನ ಸ್ಟೇಡಿಯಂ ನಮ್ಮ ಮನೆಯಿಂದ ದೂರವಿಲ್ಲ. ಮೇಲಿನ ಅಟ್ಟಣಿಗೆಯ ಟಿಕೆಟ್ ತೆಗೆದುಕೊಂಡು ಇಬ್ಬರೂ ಹೋದೆವು. ಸುತ್ತ ಎಲ್ಲ ಕೌಬಾಯ್ಸ್ ಅಂಗಿ, ಅದರಲ್ಲಿ ಅರ್ಧದಷ್ಟು ಲ್ಯಾಂಬ್‌ನ 88. ಅಷ್ಟು ಎತ್ತರದಿಂದ ಹೆನ್ರಿಯನ್ನು ಕಣ್ಣಾರೆ ನೋಡಿದಾಗ ಪಟ್ಟಿಯಲ್ಲಿ ಕಾಣದ್ದು ಕಂಡಿತು. ಆರಡಿಗೂ ಮೇಲೆ ಎತ್ತರದವನು. ಮೊದಲೆರಡು ಹೆಜ್ಜೆ ನಿಧಾನ, ಆಮೇಲೆ ಹಿಡಿಯಲು ಬಂದವರು ಇವನ ಜೊತೆಯೇ ಎಳೆದುಕೊಂಡು ಹೋಗುತ್ತಾರೆ. 151 ಗಜ, ಎರಡು ಟಚ್‌ಡೌನ್. ನಾನು ಸುತ್ತಲಿನವರಿಗೆ ಹೆದರಿ ಕೂತೇ ಇದ್ದೆ. ಗೆಳೆಯ ಎದ್ದು ನಿಂತು ಕನ್ನಡದಲ್ಲಿ ಕೂಗಿದ, "ಓಡೋ ಓಡೋ!" 28-6 ಇದ್ದದ್ದನ್ನು ಕೌಬಾಯ್ಸ್ ಕೊನೆಯಲ್ಲಿ 28-25ಕ್ಕೆ ತಂದರು, ಆದರೂ ಸೋತರು. ಮುಂದಿನ ವಾರ ಹೆನ್ರಿ ಬಫಲೋ ವಿರುದ್ಧ ಮೊದಲ ಓಟದಲ್ಲೇ 87 ಗಜ ಹೋಗಿ ಟಚ್‌ಡೌನ್ ಹೊಡೆದ. ವರ್ಷದ ಕೊನೆಗೆ ಅವನ ಲೆಕ್ಕ 1,921 ಗಜ. ಮೂವತ್ತರ ಮಾತು ನಾವು ಆಮೇಲೆ ಎತ್ತಲಿಲ್ಲ.

ಅಕ್ಟೋಬರ್ 21ರ ಸೋಮವಾರ ನನಗೆ ಮರೆಯುವುದಿಲ್ಲ. ಅಂದು ರೇವನ್ಸ್ ಮತ್ತು ಟ್ಯಾಂಪಾ ಬೇ ಪಂದ್ಯ. 24ನೇ ಸರದಿಯವನೂ 25ನೇ ಸರದಿಯವನೂ ಒಂದೇ ಮೈದಾನದಲ್ಲಿ. ಎವನ್ಸ್ ಬೇಗನೆ ಟಚ್‌ಡೌನ್ ಹೊಡೆದ. ನಾವು ಕೈಕೈ ಹೊಡೆದುಕೊಂಡೆವು. ಅರ್ಧ ಆಟ ಮುಗಿಯುವ ಮುಂಚೆ ಚೆಂಡಿಗೆ ಚಾಚಿದವನು ತೊಡೆಯ ಹಿಂಭಾಗ ಹಿಡಿದುಕೊಂಡು ಬಿದ್ದ. ಮತ್ತೆ ಆ ರಾತ್ರಿ ಬರಲಿಲ್ಲ. ನವೆಂಬರ್ 24ರ ತನಕ ಅವನಿಲ್ಲ.

ಮೆಕ್‌ಕ್ಯಾಫ್ರಿ ನವೆಂಬರ್ 10ಕ್ಕೆ ವಾಪಸ್ ಬಂದ. ಡಿಸೆಂಬರ್ 1ರಂದು ಬಫಲೋದಲ್ಲಿ ಹಿಮ ಸುರಿಯುತ್ತಿತ್ತು. ಒಳ್ಳೆ ಓಟ ಓಡುತ್ತಿದ್ದ, ಮಂಡಿಗೆ ಪೆಟ್ಟು ಬಿತ್ತು. ಅದೇ ಪಂದ್ಯದಲ್ಲಿ ಮೇಸನ್‌ಗೂ ಪಾದದ ಕೀಲು ಹೋಯಿತು. ಒಂದೇ ರಾತ್ರಿ ಇಬ್ಬರೂ. ನಾವು ಮೊದಲ ಸರದಿಯಲ್ಲಿ ಎತ್ತಿದವನು ಇಡೀ ವರ್ಷ ಆಡಿದ್ದು ನಾಲ್ಕು ಪಂದ್ಯ.

ಲ್ಯಾಂಬ್ ಎತ್ತಿದ್ದರೆ ಗೆಲ್ಲುತ್ತಿದ್ದೆವಾ? ಈ ಪ್ರಶ್ನೆ ಹಾಕಿಕೊಂಡು ಲೆಕ್ಕ ಮಾಡಿದ್ದೇನೆ. ಅವನದ್ದು ಆ ವರ್ಷ 1,194 ಗಜ, ಆರು ಟಚ್‌ಡೌನ್. ಅವನಿಗೆ ಚೆಂಡು ಎಸೆಯುವ ಡ್ಯಾಕ್ ಪ್ರೆಸ್ಕಾಟ್‌ಗೇ ನವೆಂಬರ್‌ನಲ್ಲಿ ಗಾಯವಾಯಿತು. ನಿಜಕ್ಕೂ ಆ ವರ್ಷ ಎತ್ತಬೇಕಾಗಿದ್ದವರು ಸಿನ್ಸಿನಾಟಿಯ ಜಮಾರ್ ಚೇಸ್ ಮತ್ತು ಫಿಲಡೆಲ್ಫಿಯಾದ ಸೇಕ್ವಾನ್ ಬಾರ್ಕ್ಲಿ. ಚೇಸ್ ಹಿಡಿತ, ಗಜ, ಟಚ್‌ಡೌನ್ ಮೂರರಲ್ಲೂ ಮೊದಲು. ಬಾರ್ಕ್ಲಿ ಓಡಿದ್ದೇ 2,005 ಗಜ. ಎರಡು ವಾರದ ನಮ್ಮ ವಾದದಲ್ಲಿ ಮೊದಲ ಸರದಿಗೆ ಇವರಿಬ್ಬರ ಹೆಸರು ಬಂದೇ ಇರಲಿಲ್ಲ.

ನಾವು ಪ್ಲೇಆಫ್‌ಗೆ ಹೋದೆವು, ಸೆಮಿಫೈನಲ್‌ನಲ್ಲಿ ಒಂಬತ್ತು ಪಾಯಿಂಟಿನಿಂದ ಸೋತೆವು. ಎದುರಾಳಿಯ ಟೀಮಿನಲ್ಲಿ ಚೇಸ್ ಇದ್ದ. ಸೋತ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಹೋಗಿ ಗುಡ್ಡೆ ಗೆರೆ ಎಳೆದ ಆ ಹಾಳೆ ತೆಗೆದು ನೋಡಿದೆ. ಗೆರೆಗಳಲ್ಲಿ ಅರ್ಧ ತಪ್ಪಾಗಿದ್ದವು. ಬಾರ್ಕ್ಲಿಯನ್ನೂ ಹೆನ್ರಿಯನ್ನೂ ಒಂದೇ ಗುಡ್ಡೆಗೆ ಹಾಕಿದ್ದು ಮಾತ್ರ ಸರಿ ಇತ್ತು.

2025ರ ಆಗಸ್ಟ್‌ನಲ್ಲಿ ಮತ್ತೆ ಚೀಟಿ ಎತ್ತಿದೆವು. ಈ ಸಲ 8. ಗೆಳೆಯನ ಮುಖ ಅರಳಿತು. ಡ್ರಾಫ್ಟಿನ ದಿನ ಚೇಸ್, ಬಿಜಾನ್, ಬಾರ್ಕ್ಲಿ ಎಲ್ಲ ಹೋದರು. ನಮ್ಮ ಸರದಿ ಬಂದಾಗ ಮೆಕ್‌ಕ್ಯಾಫ್ರಿ ಅಲ್ಲೇ ಇದ್ದ. ಆಗಲೇ 29 ವರ್ಷ, ಹಿಂದಿನ ವರ್ಷ ನಾಲ್ಕೇ ಪಂದ್ಯ. ನಾನು ಬಾಯಿ ಬಿಡಲಿಲ್ಲ. ಗೆಳೆಯ ಹಾಳೆ ನೋಡಿದ. ಆ ಗುಡ್ಡೆಯಲ್ಲಿ ಉಳಿದಿದ್ದವನು ಅವನೊಬ್ಬನೇ.

"ಒತ್ತು ಮಾರಾಯ," ಅಂದ.

ಮೇಸನ್ ಅಷ್ಟರಲ್ಲಿ ಮಿನೆಸೋಟಕ್ಕೆ ಹೋಗಿದ್ದ. ನಾನು ಹಾಳೆಯ ಕೆಳಗೆ ಕಣ್ಣು ಹಾಯಿಸಿದೆ. ಹನ್ನೆರಡನೇ ಸುತ್ತಿನ ಪಕ್ಕದಲ್ಲಿ ಗೆಳೆಯ ಆಗಲೇ ಕೆಂಪು ಪೆನ್ನಿನಲ್ಲಿ ಬರೆದಿಟ್ಟಿದ್ದ: ಬ್ರಯಾನ್ ರಾಬಿನ್ಸನ್, ಹಿಂದಿನ ವಾರವಷ್ಟೇ ಫಾರ್ಟಿನೈನರ್ಸ್‌ಗೆ ಬಂದ ಬದಲಿ.